ಮನೆ ಕಳ್ಳತನವಾದಾಗ: ಪೊಲೀಸರು ಬರುವ ತನಕ ಏನು ಮಾಡಬೇಕು, ಏನು ಮುಟ್ಟಬಾರದು

ಕಾಫಿ ಕೊಯ್ಲು ಶುರುವಾದರೆ ಸಾಕು, ನನಗೆ ಒಂದೇ ಥರದ ಫೋನ್ ಬರತೊಡಗುತ್ತದೆ. “ಸಾರ್, ಮನೆ ಬೀಗ ಒಡೆದಿದ್ದಾರೆ. ಸ್ಟೇಷನ್ನಿಗೆ ಹೇಳಿದ್ದೀವಿ, ಬರ್ತಾರಂತೆ. ಅಲ್ಲೀವರೆಗೆ ಏನ್ ಮಾಡೋದು? ನೆಂಟರೆಲ್ಲ ಬಂದುಬಿಟ್ಟಿದ್ದಾರೆ, ಒಂಚೂರು ಗುಡಿಸಿಬಿಡ್ಲಾ?”

ಗುಡಿಸಬೇಡಿ. ಉಳಿದದ್ದನ್ನು ಕೆಳಗೆ ಬರೆದಿದ್ದೇನೆ.

ನಾನು ಪೊಲೀಸಿನವನಲ್ಲ, ವಕೀಲನೂ ಅಲ್ಲ. ಚಿಕ್ಕಮಗಳೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡವನು. ಠಾಣೆಗಳಲ್ಲಿ ಒಳ್ಳೆಯ ಕ್ಯಾಮೆರಾ ಇಲ್ಲದ ಕಾಲದಲ್ಲಿ ಸ್ಥಳದ ಫೋಟೊ ತೆಗೆಯಲು ನಮ್ಮಂಥವರನ್ನು ಕರೆಯುತ್ತಿದ್ದರು. ಆಲ್ದೂರು, ಬಾಳೆಹೊನ್ನೂರು, ಬೇಲೂರು, ಸಕಲೇಶಪುರ ಅಂತ ಜೀಪಿನ ಹಿಂದೆ ಕೂತು ಎಷ್ಟೋ ಒಡೆದ ಬಾಗಿಲು ನೋಡಿದ್ದೇನೆ. ಬೆರಳಚ್ಚಿನವರ ಪಕ್ಕದಲ್ಲಿ ನಿಂತು ಅವರ ಗೊಣಗಾಟ ಕೇಳಿದ್ದೇನೆ. ಅವರ ದೂರು ಯಾವಾಗಲೂ ಒಂದೇ: ಕಳ್ಳ ಬಿಟ್ಟುಹೋದ ಗುರುತನ್ನು ಕಳ್ಳನಿಗಿಂತ ಚೆನ್ನಾಗಿ ಅಳಿಸುವವರು ಮನೆಯವರು. ತೋಟದ ಮನೆಗೆ ಠಾಣೆಯಿಂದ ಜೀಪು ಬರಲು ಒಂದು ಗಂಟೆಯಾದರೂ ಬೇಕು, ಮಳೆಗಾಲದಲ್ಲಿ ಮರ ಬಿದ್ದಿದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಸ್ಥಳ ಇರುವುದು ನಿಮ್ಮ ಕೈಯಲ್ಲಿ.

ಇದರ ಹಿಂದಿನ ಶಾಸ್ತ್ರ ಸರಳ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಶುರುಮಾಡಿದ ಎಡ್ಮಂಡ್ ಲೊಕಾರ್ಡ್ ಹೇಳಿದ್ದು ಇಷ್ಟು: ಎರಡು ವಸ್ತು ತಾಗಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟುತ್ತದೆ. ಕಳ್ಳ ನಿಮ್ಮ ಮನೆಗೆ ಬೆವರು, ಕೂದಲು, ಕಾಲಿನ ಮಣ್ಣು ಕೊಟ್ಟು ಹೋಗುತ್ತಾನೆ. ನಿಮ್ಮ ಕಿಟಕಿಯ ಗಾಜಿನ ಪುಡಿ, ಗೋಡೆಯ ಸುಣ್ಣ ಹೊತ್ತುಕೊಂಡು ಹೋಗುತ್ತಾನೆ. ಆದರೆ ಈ ನಿಯಮ ನಿಮಗೂ, ಹೆಂಡತಿಗೂ, ನೋಡಲು ಬಂದ ಪಕ್ಕದ ತೋಟದ ಗೌಡರಿಗೂ ಅಷ್ಟೇ ಅನ್ವಯಿಸುತ್ತದೆ. ತೊಂದರೆ ಶುರುವಾಗುವುದು ಅಲ್ಲಿ.

ಬೇಕಾಗುವ ಸಾಮಾನು

ವಿಶೇಷವಾದ್ದು ಯಾವುದೂ ಬೇಡ. ಚಾರ್ಜ್ ಇರುವ ಮೊಬೈಲ್, ಒಂದು ಟಾರ್ಚ್, ನೋಟ್‌ಬುಕ್ಕು, ಪೆನ್ನು, ಮಕ್ಕಳ ಜಾಮಿಟ್ರಿ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲು, ಎರಡು ಮೂರು ಬಕೆಟ್ ಅಥವಾ ಅಗಲವಾದ ಬೇಸಿನ್ನು, ಒಂದಿಷ್ಟು ಹಗ್ಗ. ಸ್ಕೇಲು ಸಿಗದಿದ್ದರೆ ಹತ್ತು ರೂಪಾಯಿ ನಾಣ್ಯ ನಡೆಯುತ್ತದೆ. ಅದರ ಅಡ್ಡಗಲ 27 ಮಿಲಿಮೀಟರ್ ಅಂತ ಎಲ್ಲರಿಗೂ ಗೊತ್ತಿರುವ ಅಳತೆ.

1. ಹೊರಗೇ ನಿಲ್ಲಿ

ಬಾಗಿಲು ಒಡೆದಿರುವುದು ಕಂಡ ಕೂಡಲೇ ಒಳಗೆ ಓಡಿ ಬೀರು ನೋಡುವುದು ಎಲ್ಲರ ಸಹಜ ಬುದ್ಧಿ. ತಡೆದುಕೊಳ್ಳಿ. ಒಳಗೆ ಇನ್ನೂ ಯಾರಾದರೂ ಇದ್ದರೆ ನಿಮ್ಮ ಜೀವಕ್ಕೆ ಅಪಾಯ. 112ಕ್ಕೆ ಫೋನ್ ಮಾಡಿ. ತೋಟದ ಹೆಸರಿನ ಜೊತೆಗೆ ಹತ್ತಿರದ ಶಾಲೆಯೋ, ಬಸ್ ಸ್ಟಾಪೋ, ದೇವಸ್ಥಾನವೋ ಯಾವುದಾದರೂ ಗುರುತು ಹೇಳಿ. ಲೊಕೇಶನ್ ಕಳಿಸಿದರೂ ನಮ್ಮ ಕಡೆ ಸಿಗ್ನಲ್ ಕೈಕೊಡುವುದೇ ಹೆಚ್ಚು.

ಯಾರಿಗಾದರೂ ಪೆಟ್ಟಾಗಿದ್ದರೆ ಮೇಲಿನ ಕೆಳಗಿನ ಎಲ್ಲ ನಿಯಮವನ್ನೂ ಪಕ್ಕಕ್ಕಿಡಿ. ಜೀವ ಮೊದಲು. ಗಾಯಾಳುವನ್ನು ಎತ್ತುವಾಗ ಏನು ಸರಿಸಿದಿರಿ, ಯಾವ ಬಾಗಿಲಿಂದ ತಂದಿರಿ ಅನ್ನುವುದನ್ನು ಆಮೇಲೆ ನೆನಪಿಟ್ಟು ಹೇಳಿದರೆ ಸಾಕು. ರಕ್ತವಾದ ಬಟ್ಟೆಯನ್ನು ಒಗೆಯಬೇಡಿ, ಪ್ಲಾಸ್ಟಿಕ್ ಕವರಿಗೂ ತುರುಕಬೇಡಿ. ಮಲೆನಾಡಿನ ಹವೆಗೆ ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿನೊಳಗೆ ಬಲುಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದ ರಕ್ತದಿಂದ ಡಿಎನ್‌ಎ, ಅಂದರೆ ಆ ವ್ಯಕ್ತಿಯ ದೇಹದ ಗುರುತು, ತೆಗೆಯುವುದು ಕಷ್ಟ. ನೆರಳಿನಲ್ಲಿ ಹರಡಿಬಿಡಿ. ಪೊಲೀಸರು ಬಂದು ಒಣಗಿಸಿ ಕಾಗದದ ಕವರಿಗೆ ಹಾಕಿಕೊಳ್ಳುತ್ತಾರೆ.

2. ಒಂದು ದಾರಿ ಬಿಟ್ಟು ಉಳಿದದ್ದನ್ನು ಮುಚ್ಚಿ

ಕಳ್ಳ ಬಂದ ದಾರಿ ಯಾವುದು ಅಂತ ದೂರದಿಂದಲೇ ಅಂದಾಜು ಮಾಡಿ. ಒಡೆದ ಹಿಂಬಾಗಿಲು, ಸರಳು ಬಗ್ಗಿಸಿದ ಕಿಟಕಿ, ತೆಗೆದ ಹೆಂಚು, ತುಳಿದ ಬೇಲಿ. ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಓಡಾಡಿ. ಹಗ್ಗ ಕಟ್ಟಿ. ಹಗ್ಗವಿಲ್ಲದಿದ್ದರೆ ಎರಡು ಕುರ್ಚಿ ಅಡ್ಡ ಇಟ್ಟರೂ ಜನ ನಿಲ್ಲುತ್ತಾರೆ.

ಕಷ್ಟವಾಗುವುದು ಜನರನ್ನು ತಡೆಯುವುದು. ಸುದ್ದಿ ಹರಡಿದರೆ ಅರ್ಧ ಗಂಟೆಯಲ್ಲಿ ಲೈನ್‌ಮನೆಯವರು (ತೋಟದ ಕೆಲಸಗಾರರು), ನೆಂಟರು, ಊರಿನ ಹಿರಿಯರು ಎಲ್ಲರೂ ಹಾಜರು. ಪ್ರತಿಯೊಬ್ಬರೂ ಒಡೆದ ಬೀಗವನ್ನು ಎತ್ತಿ ತಿರುಗಿಸಿ ನೋಡಿ “ಛೆ ಛೆ” ಅಂದು ಅಲ್ಲೇ ಇಡುತ್ತಾರೆ. ಯಾರಿಗೂ ಮುಖ ಮುರಿಯಲು ಆಗುವುದಿಲ್ಲ, ಅದೂ ನಿಜ. ನನ್ನ ಉಪಾಯ ಹೇಳುತ್ತೇನೆ: ಅಂಗಳದ ದೂರದ ತುದಿಯಲ್ಲಿ ಕುರ್ಚಿ ಹಾಕಿಸಿ, ಕಾಫಿಯನ್ನು ಪಕ್ಕದ ಮನೆಯಿಂದ ತರಿಸಿ. ನಿಮ್ಮ ಅಡುಗೆಮನೆ ಕೂಡ ಸ್ಥಳವೇ. ಕಳ್ಳರು ಫ್ರಿಜ್ ತೆಗೆದು ಹಾಲು ಕುಡಿದು ಹೋಗಿರುವ ಮನೆ ನಾನೇ ನೋಡಿದ್ದೇನೆ. ಆ ಲೋಟವನ್ನು ಅತ್ತೆಯವರು ತೊಳೆದು ಬೋರಲು ಹಾಕಿದ್ದರು.

ನಾಯಿ, ಕೋಳಿ ಕಟ್ಟಿಹಾಕಿ. ಫ್ಯಾನ್ ಹಾಕಬೇಡಿ. ಬಚ್ಚಲು, ಕಕ್ಕಸು ಬಳಸಬೇಡಿ, ಅಲ್ಲೂ ಅವರು ಕೈ ತೊಳೆದಿರಬಹುದು. ಶ್ವಾನದಳ ಬರುವುದಿದ್ದರೆ ಕಳ್ಳ ಬಿಟ್ಟುಹೋದ ಟವೆಲ್ಲು, ಚಪ್ಪಲಿ, ಕೋಲನ್ನು ಯಾರೂ ಮೂಸಿ ಮುಟ್ಟಿ ನೋಡದಿರಲಿ. ನಾಯಿ ಆ ವಾಸನೆ ಹಿಡಿದು ಹೊರಡಬೇಕು, ಹತ್ತು ಜನರ ಕೈವಾಸನೆ ಸೇರಿದರೆ ಗೊಂದಲ.

3. ಬರೆದಿಡಿ

ಸಮಯ, ಮೊದಲು ನೋಡಿದವರು, ಒಳಗೆ ಹೋದವರು, ಅವರು ಮುಟ್ಟಿದ್ದು. ಅಷ್ಟೇ. “ಬೆಳಿಗ್ಗೆ 6.20, ಹಾಲು ಕರೆಯಲು ಬಂದವರು ನೋಡಿದರು, ನಾನು ಹಿಂಬಾಗಿಲ ಚಿಲಕ ಮುಟ್ಟಿದೆ, ಮಗ ಲೈಟ್ ಸ್ವಿಚ್ ಹಾಕಿದ” ಅನ್ನುವಷ್ಟು ಸಾಕು. ಮುಟ್ಟಿದ್ದನ್ನು ಮುಚ್ಚಿಡಬೇಡಿ. ಗೊತ್ತಾಗದೆ ಮುಟ್ಟಿದ್ದಕ್ಕೆ, ಗುಡಿಸಿದ್ದಕ್ಕೆ ನಿಮ್ಮ ಮೇಲೆ ಕೇಸು ಹಾಕುವುದಿಲ್ಲ. ಸಾಕ್ಷ್ಯ ನಾಶ ಅಂತಾಗುವುದು ಅಪರಾಧಿಯನ್ನು ಉಳಿಸುವ ಉದ್ದೇಶದಿಂದ ಮಾಡಿದಾಗ.

4. ಫೋಟೊ ತೆಗೆಯುವುದು ಹೀಗೆ

ಇದು ನನ್ನ ಕಸುಬು, ಹಾಗಾಗಿ ನಾಲ್ಕು ಮಾತು ಹೆಚ್ಚು. ಪೊಲೀಸರು ಬಂದು ತಮ್ಮ ಫೋಟೊ, ವಿಡಿಯೊ ತಾವು ತೆಗೆಯುತ್ತಾರೆ. ನಿಮ್ಮದು ಬೇಕಾಗುವುದು ಅವರು ಬರುವುದರೊಳಗೆ ಮಳೆಯೋ ಜನರೋ ಸ್ಥಳ ಬದಲಾಯಿಸಿಬಿಟ್ಟರೆ.

ಪ್ರತಿ ಜಾಗಕ್ಕೂ ಮೂರು ದೂರದಿಂದ ತೆಗೆಯಿರಿ. ಮೊದಲು ದೂರದಿಂದ, ಇಡೀ ಗೋಡೆ ಅಥವಾ ಕೋಣೆ ಕಾಣುವಂತೆ. ಆಮೇಲೆ ಮಧ್ಯದಿಂದ, ಕಿಟಕಿ ಮತ್ತು ಅದರ ಪಕ್ಕದ ಬಾಗಿಲು ಒಟ್ಟಿಗೆ ಬರುವಂತೆ. ಕೊನೆಗೆ ಹತ್ತಿರದಿಂದ, ಬಗ್ಗಿದ ಸರಳು ಮಾತ್ರ. ಹತ್ತಿರದ ಫೋಟೊವನ್ನು ಎರಡು ಸಲ ತೆಗೆಯಿರಿ: ಒಂದು ಇದ್ದ ಹಾಗೆ, ಇನ್ನೊಂದು ಪಕ್ಕದಲ್ಲಿ ಸ್ಕೇಲಿಟ್ಟು. ಜನ ಹತ್ತಿರದ್ದನ್ನು ಮಾತ್ರ ತೆಗೆದಿಟ್ಟಿರುತ್ತಾರೆ. ಆರು ತಿಂಗಳಾದ ಮೇಲೆ ಆ ಸರಳು ಯಾವ ಕಿಟಕಿಯದು ಅಂತ ಅವರಿಗೇ ಗೊತ್ತಿರುವುದಿಲ್ಲ.

ಹೆಜ್ಜೆಗುರುತಿಗೆ ಮೊಬೈಲನ್ನು ನೆಲಕ್ಕೆ ನೇರವಾಗಿ ಮೇಲಿಂದ ಹಿಡಿಯಿರಿ, ಓರೆಯಾಗಿ ಹಿಡಿದರೆ ಅಳತೆ ಕೆಡುತ್ತದೆ. ಫ್ಲ್ಯಾಶ್ ಬೇಡ. ಇನ್ನೊಬ್ಬರ ಕೈಗೆ ಟಾರ್ಚ್ ಕೊಟ್ಟು ನೆಲಮಟ್ಟದಲ್ಲಿ ಪಕ್ಕದಿಂದ ಬೆಳಕು ಬಿಡಿಸಿ. ಚಪ್ಪಲಿಯ ಪ್ರತಿ ಗೀರಿಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ನಮ್ಮ ಹಳೇ ಮನೆಗಳ ರೆಡ್‌ಆಕ್ಸೈಡ್ ನೆಲದಲ್ಲಿ ನಿಂತು ನೋಡಿದರೆ ಏನೂ ಇಲ್ಲವೆನಿಸುತ್ತದೆ. ಕೂತು ಟಾರ್ಚನ್ನು ನೆಲಕ್ಕೆ ಒರಗಿಸಿ ಬಿಟ್ಟರೆ ಧೂಳಿನಲ್ಲಿ ಇಡೀ ಪಾದ ಕಾಣುತ್ತದೆ. ಹಾಗೆ ಕಂಡ ಧೂಳಿನ ಹೆಜ್ಜೆ ಒಂದು ಸಲ ತುಳಿದರೆ ಮುಗಿಯಿತು.

ಎರಡು ತಪ್ಪು ಮಾಡಬೇಡಿ. ಫೋಟೊಗೆ ಫಿಲ್ಟರ್ ಹಾಕುವುದು, ಕತ್ತರಿಸುವುದು ಬೇಡ. ಮೂಲ ಫೈಲ್ ಮೊಬೈಲಿನಲ್ಲೇ ಇರಲಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಗಾತ್ರ ಕುಗ್ಗಿ, ತೆಗೆದ ದಿನಾಂಕ, ಸಮಯದ ವಿವರವೂ ಹೋಗುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಇನ್ನು ಸ್ಟೇಟಸ್‌ಗೆ ಹಾಕುವ ಚಟ. ಏನು ಹೋಗಿದೆ, ಯಾವ ಗುರುತು ಸಿಕ್ಕಿದೆ ಅಂತ ಊರಿಗೆಲ್ಲ ತಿಳಿಸಿದರೆ ಕಳ್ಳನಿಗೂ ತಿಳಿಯುತ್ತದೆ. ಅವನು ಚಪ್ಪಲಿ ಸುಟ್ಟುಹಾಕುತ್ತಾನೆ, ಅಷ್ಟೇ.

5. ಮಳೆ ಬರುವ ಮುಂಚೆ

ಅಂಗಳದ ಕೆಮ್ಮಣ್ಣಿನಲ್ಲಿ ಬಿದ್ದ ಹೆಜ್ಜೆ ಅಥವಾ ಬೈಕಿನ ಟೈರಿನ ಗುರುತಿಗೆ ಬೇಸಿನ್ನು, ಬಕೆಟ್ ಬೋರಲು ಹಾಕಿ, ಮೇಲೆ ಕಲ್ಲಿಡಿ. ಟಾರ್ಪಾಲು ನೇರವಾಗಿ ಹೊದಿಸಬೇಡಿ; ಅದು ಮಣ್ಣಿಗೆ ತಾಗಿ ಗೀರನ್ನು ಒರೆಸುತ್ತದೆ, ಒಳಗೆ ನೀರೂ ಜಿನುಗುತ್ತದೆ. ಉದ್ದನೆಯ ಟೈರ್ ಗುರುತಿದ್ದರೆ ಎರಡು ಕಡೆ ಇಟ್ಟಿಗೆ ಇಟ್ಟು ಮೇಲೆ ಹಲಗೆ ಅಥವಾ ಶೀಟು. ಸುತ್ತ ಸಣ್ಣ ಕಾಲುವೆ ತೋಡಿ ನೀರು ಬೇರೆ ಕಡೆ ತಿರುಗಿಸಿ.

ತಜ್ಞರು ಬಂದರೆ ಆ ಹೆಜ್ಜೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಥವಾ ಹಲ್ಲಿನ ಡಾಕ್ಟರು ಬಳಸುವಂಥ ಗಟ್ಟಿ ಪುಡಿಯನ್ನು ನೀರಿನಲ್ಲಿ ಕಲೆಸಿ ಸುರಿದು ಅಚ್ಚು ತೆಗೆಯುತ್ತಾರೆ. ಅದು ಗಟ್ಟಿಯಾಗುವವರೆಗೆ ಕಾಯಬೇಕು. ಒಂದೇ ಕಂಪನಿಯ ಸಾವಿರ ಚಪ್ಪಲಿ ಅಂಗಡಿಯಲ್ಲಿ ಒಂದೇ ಥರ ಇರುತ್ತವೆ. ಆದರೆ ತೊಟ್ಟು ನಡೆದ ಮೇಲೆ ಒಂದರ ಹಿಮ್ಮಡಿ ಬಲಕ್ಕೆ ಸವೆದಿರುತ್ತದೆ, ಇನ್ನೊಂದಕ್ಕೆ ಮುಳ್ಳು ಚುಚ್ಚಿದ ತೂತಿರುತ್ತದೆ. ಹೋಲಿಸುವುದು ಆ ಸವೆತವನ್ನು.

ನೀವೇ ಅಚ್ಚು ತೆಗೆಯಲು ಹೋಗಬೇಡಿ. ಯೂಟ್ಯೂಬಿನಲ್ಲಿ ಸುಲಭವಾಗಿ ಕಾಣುತ್ತದೆ. ಒಂದೇ ಅವಕಾಶ, ಕೆಟ್ಟರೆ ಕೆಟ್ಟಿತು.

ಕಣದ ಹಿಂದೆ, ಬೇಲಿಯ ಬದಿಯಲ್ಲಿ ಬೀಡಿ ತುಂಡು, ಗುಟ್ಕಾ ಚೀಟಿ, ಎಲೆಅಡಿಕೆ ಉಗುಳು ಕಂಡರೆ ಅದನ್ನೂ ಮುಚ್ಚಿಡಿ, ಹೆಕ್ಕಬೇಡಿ. ಬೀಡಿಯ ತುದಿಯ ಎಂಜಲಿನಿಂದ ಡಿಎನ್‌ಎ ತೆಗೆಯಬಹುದು. ತೋಟದಲ್ಲಿ ಬೀಡಿ ಸೇದುವವರು ಇಪ್ಪತ್ತು ಜನ ಇರುತ್ತಾರೆ, ಅದೂ ಸತ್ಯ. ಹಾಗಾಗಿ ನಿನ್ನೆ ಅಲ್ಲಿ ಯಾರು ಕೆಲಸ ಮಾಡಿದ್ದರು ಅಂತ ತನಿಖಾಧಿಕಾರಿಗೆ ಹೇಳುವುದು ಬೀಡಿ ತೋರಿಸಿದಷ್ಟೇ ಮುಖ್ಯ.

6. ಬೆರಳಚ್ಚು: ಎಲ್ಲಿ ಉಳಿಯುತ್ತದೆ, ಹೇಗೆ ಅಳಿಯುತ್ತದೆ

ಅತಿ ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆ.

ಬೆರಳ ತುದಿಯ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ, ಆಮೇಲೆ ಜೀವಮಾನವಿಡೀ ಹಾಗೆಯೇ ಇರುತ್ತವೆ. ಆಕಾರ ಮೂರು ಬಗೆ: ಕುಣಿಕೆಯಂತೆ ತಿರುಗಿ ಬಂದದ್ದು, ಸುಳಿ, ಕಮಾನು. ಕುಣಿಕೆ ಅತಿ ಸಾಮಾನ್ಯ, ಕಮಾನು ಅಪರೂಪ. ಗುರುತು ಹಿಡಿಯುವುದು ಆಕಾರದಿಂದಲ್ಲ. ಗೆರೆ ಎಲ್ಲಿ ಕವಲೊಡೆಯಿತು, ಎಲ್ಲಿ ನಿಂತಿತು ಅನ್ನುವ ಸಣ್ಣ ಸಣ್ಣ ಬಿಂದುಗಳಿಂದ.

ಸ್ಥಳದಲ್ಲಿ ಸಿಗುವ ಬೆರಳಚ್ಚಲ್ಲಿ ಕಣ್ಣಿಗೆ ಕಾಣುವುದೂ ಇದೆ (ರಕ್ತ, ಗ್ರೀಸು, ಬಣ್ಣದಲ್ಲಿ ಮೂಡಿದ್ದು), ಮೇಣ ಅಥವಾ ಒದ್ದೆ ಪುಟ್ಟಿಯಂಥ ಮೆತ್ತನೆಯದರ ಮೇಲೆ ಒತ್ತಿದ್ದೂ ಇದೆ. ಹೆಚ್ಚಿನವು ಕಾಣದ ಬೆರಳಚ್ಚು: ಬೆವರು ಮತ್ತು ಚರ್ಮದ ಎಣ್ಣೆಯ ತೆಳು ಗುರುತು. ಸ್ಟೀಲಿನ ಬೀರು, ಗಾಜು, ಟೈಲ್ಸು, ಪಾಲಿಶ್ ಮಾಡಿದ ಮರದಂಥ ನುಣುಪು ಜಾಗದಲ್ಲಿ ತಜ್ಞರು ಮೃದುವಾದ ಬ್ರಷ್ಷಿನಿಂದ ಪುಡಿ ಹಾಕುತ್ತಾರೆ. ಪುಡಿ ಆ ಎಣ್ಣೆಗೆ ಅಂಟಿ ಗೆರೆ ಎದ್ದು ಬರುತ್ತದೆ. ಫೋಟೊ ತೆಗೆದು, ಟೇಪಿನಿಂದ ಎತ್ತಿ ಕಾರ್ಡಿಗೆ ಅಂಟಿಸುತ್ತಾರೆ. ಕಾಗದ ಬೆವರನ್ನು ಹೀರಿಕೊಳ್ಳುವುದರಿಂದ ಅಲ್ಲಿ ಪುಡಿ ನಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಚ್ಚಿದರೆ ನೇರಳೆ ಬಣ್ಣದಲ್ಲಿ ಮೂಡುತ್ತದೆ. ಆದ್ದರಿಂದ ಬೀರುವಿನಿಂದ ಕಳ್ಳ ಎಸೆದ ಪತ್ರ, ಪಾಸ್‌ಬುಕ್ಕು, ಆರ್‌ಟಿಸಿ ಪ್ರತಿಗಳನ್ನು ಜೋಡಿಸಿ ಫೈಲಿಗೆ ಹಾಕಬೇಡಿ. ಒಡವೆಯ ಖಾಲಿ ಡಬ್ಬಿಯನ್ನೂ ಎತ್ತಬೇಡಿ. ಅದನ್ನು ತೆರೆದವನು ಅವನೇ.

ಜನ ಮರೆಯುವ ಜಾಗಗಳಿವೆ. ಡ್ರಾಯರಿನ ತಳ, ಚಿಲಕದ ಒಳಬದಿ, ಒಳಗೆ ಹತ್ತುವಾಗ ಹಿಡಿದ ಕಿಟಕಿಯ ಚೌಕಟ್ಟಿನ ಮೇಲ್ಭಾಗ, ಗೋಡೆಯಿಂದ ಸರಿಸಿದ ಫೋಟೊ ಫ್ರೇಮಿನ ಹಿಂಬದಿ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಬಲ್ಬು. ಕಣದ ಲೈಟನ್ನೋ ಹಿತ್ತಲ ಲೈಟನ್ನೋ ಆರಿಸಲು ಕಳ್ಳ ಬಲ್ಬನ್ನು ಅರ್ಧ ತಿರುಗಿಸಿ ಸಡಿಲ ಮಾಡಿರುತ್ತಾನೆ. ಗಾಜನ್ನು ಐದೂ ಬೆರಳಲ್ಲಿ ಹಿಡಿಯದೆ ತಿರುಗಿಸಲು ಆಗುವುದಿಲ್ಲ. ಮನೆಯವರು ಮಾಡುವ ಮೊದಲ ಕೆಲಸ? “ಲೈಟ್ ಯಾಕೆ ಹತ್ತುತ್ತಿಲ್ಲ” ಅಂತ ಅದನ್ನು ಬಿಗಿ ಮಾಡುವುದು.

ಇಬ್ಬನಿ ಬಿದ್ದು ಜಾಗ ಒದ್ದೆಯಾಗಿದ್ದರೆ ಒರೆಸಿ ಒಣಗಿಸಬೇಡಿ. ತಾನಾಗಿ ಒಣಗಿದ ಮೇಲೆ ಬೆರಳಚ್ಚು ಸಿಕ್ಕ ಉದಾಹರಣೆ ಎಷ್ಟೋ ಇವೆ, ಒರೆಸಿದ ಮೇಲೆ ಸಿಕ್ಕಿಲ್ಲ. ಕರವಸ್ತ್ರದಲ್ಲಿ ಹಿಡಿದು ಎತ್ತುವುದು ಸಿನಿಮಾದವರು ಕಲಿಸಿದ ಪಾಠ. ಕರವಸ್ತ್ರ ಕೂಡ ಒರೆಸುವ ಬಟ್ಟೆಯೇ. ಕಳ್ಳ ಕೈಗವಸು ಹಾಕಿರುತ್ತಾನೆ ಬಿಡಿ ಅನ್ನುವವರೂ ಇದ್ದಾರೆ. ಕೈಗವಸು ಹಾಕಿಕೊಂಡು ಒಡವೆ ಡಬ್ಬಿಯ ಸಣ್ಣ ಕೊಂಡಿ ಬಿಡಿಸಿ ನೋಡಿ, ಎಷ್ಟು ಹೊತ್ತಿಗೆ ಕಳಚುತ್ತೀರಿ ಅಂತ ಗೊತ್ತಾಗುತ್ತದೆ.

ಇಲ್ಲೊಂದು ಸಂಗತಿ, ತೋಟದವರಿಗೆ ರುಚಿಸುವಂಥದ್ದು. ಕಲ್ಕತ್ತದಲ್ಲಿ 1897ರಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಲ್ಲಿನ ವರ್ಗೀಕರಣವನ್ನು ಕಟ್ಟಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಅಧಿಕಾರಿಗಳಿದ್ದರು, ಹೆಸರು ಮಾತ್ರ ಮೇಲಧಿಕಾರಿ ಹೆನ್ರಿಯದಾಯಿತು. ಆ ಕಚೇರಿಗೆ ಬಂದ ಮೊದಮೊದಲ ಪ್ರಕರಣಗಳಲ್ಲಿ ಒಂದು ಜಲ್ಪಾಯ್‌ಗುರಿಯ ಟೀ ತೋಟದ ಮ್ಯಾನೇಜರನ ಕೊಲೆ. ಅಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಹೆಬ್ಬೆರಳಿನ ಕಂದು ಗುರುತು. ಅದು ಹಿಂದೆ ಅಲ್ಲಿ ಕೆಲಸಕ್ಕಿದ್ದ ಆಳಿನ ಬೆರಳಿಗೆ ಹೊಂದಿತು. 1898ರಲ್ಲಿ ಅವನಿಗೆ ಕಳ್ಳತನಕ್ಕೆ ಶಿಕ್ಷೆಯಾಯಿತು, ಕೊಲೆ ಆರೋಪದಿಂದ ಬಿಡುಗಡೆಯಾಯಿತು. ಬೆರಳು ಅಲ್ಲಿತ್ತು ಅಂತ ಗುರುತು ಹೇಳುತ್ತದೆ, ಆ ಕೈ ಏನು ಮಾಡಿತು ಅಂತ ಹೇಳುವುದಿಲ್ಲ. ಇವತ್ತಿನ ನ್ಯಾಯಾಲಯಗಳೂ ಅದನ್ನೇ ಕೇಳುತ್ತವೆ.

7. ಬೀಗ ಮತ್ತು ಗಾಜು

ಹಾರೆ, ಸಬ್ಬಲು, ಸ್ಕ್ರೂಡ್ರೈವರ್ ಏನೇ ಇರಲಿ, ಅದರ ಬಾಯಿಯಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಅವು ಬಾಗಿಲ ಮರದ ಮೇಲೆ ಅಚ್ಚೊತ್ತುತ್ತವೆ. ಅಂಗಳದಲ್ಲಿ ಬಿದ್ದ ಹಾರೆಯನ್ನು ತಂದು “ಇದರಿಂದಲೇ ಎಬ್ಬಿಸಿದ್ದಾನೆ ನೋಡಿ” ಅಂತ ಆ ಗೀರಿಗೆ ಇಟ್ಟು ತೋರಿಸಬೇಡಿ. ಹಳೆಯ ಗುರುತಿನ ಮೇಲೆ ಹೊಸ ಗುರುತು ಬಿದ್ದರೆ ಎರಡೂ ಕೆಲಸಕ್ಕೆ ಬಾರವು. ಬಾಗಿಲನ್ನು ಸುಮ್ಮನೆ ಮುಚ್ಚಿ ತೆರೆಯುವುದೂ ಬೇಡ. ಆಚಾರಿಯನ್ನು ಕರೆಸಿ ಅವತ್ತೇ ರಿಪೇರಿ ಮಾಡಿಸಿಬಿಡುತ್ತಾರೆ ಕೆಲವರು. ರಾತ್ರಿಯ ಭಯ ಅರ್ಥವಾಗುತ್ತದೆ, ಆದರೆ ಒಂದು ರಾತ್ರಿ ಒಳಗಿನಿಂದ ಮಂಚ ಅಡ್ಡ ಹಾಕಿಕೊಳ್ಳಿ.

ಗಾಜು ಬಲು ಮಾತಾಡುತ್ತದೆ. ಕಿಟಕಿಯ ಗಾಜಿಗೆ ಪೆಟ್ಟು ಬಿದ್ದಾಗ ಎರಡು ಬಗೆಯ ಬಿರುಕು ಬರುತ್ತದೆ: ಪೆಟ್ಟು ಬಿದ್ದ ಬಿಂದುವಿನಿಂದ ಸೂರ್ಯನ ಕಿರಣದಂತೆ ಹೊರಡುವುದು, ಅದರ ಸುತ್ತ ಬಳೆಯಂತೆ ಬರುವುದು. ಕಿರಣದ ಬಿರುಕಿರುವ ತುಂಡಿನ ಅಂಚನ್ನು ಪಕ್ಕದಿಂದ ನೋಡಿದರೆ ಬಿಲ್ಲಿನಂತೆ ಬಾಗಿದ ಗೆರೆಗಳು ಕಾಣುತ್ತವೆ. ಆ ಗೆರೆಗಳು ಗಾಜಿನ ಯಾವ ಮುಖಕ್ಕೆ ನೇರ ಲಂಬವಾಗಿ ನಿಲ್ಲುತ್ತವೋ, ಪೆಟ್ಟು ಬಿದ್ದದ್ದು ಅದರ ಎದುರು ಮುಖಕ್ಕೆ. ಇಷ್ಟರಿಂದಲೇ ಹೊರಗಿಂದ ಒಡೆದದ್ದೋ, ಒಳಗಿಂದ ಒಡೆದು ಹೊರಗಿಂದ ಎಂದು ತೋರಿಸಿದ್ದೋ ತಿಳಿಯುತ್ತದೆ. ಆದರೆ ಚೌಕಟ್ಟಿನಲ್ಲಿ ಉಳಿದ ತುಂಡುಗಳನ್ನು ಮಕ್ಕಳಿಗೆ ಚುಚ್ಚುತ್ತದೆ ಅಂತ ನೀವು ಕಿತ್ತು ಹಾಕಿದರೆ ಯಾವ ಮುಖ ಹೊರಗಿತ್ತು ಎಂದು ಹೇಳುವವರಿಲ್ಲ. ಮಕ್ಕಳನ್ನು ದೂರ ಕಳಿಸಿ, ಗಾಜನ್ನು ಹಾಗೇ ಬಿಡಿ. ಗಾಜು ಒಡೆಯುವಾಗ ಸಣ್ಣ ಚೂರು ಒಡೆದವನ ಕಡೆಗೂ ಹಾರುತ್ತದೆ; ಅಂಗಿಯ ಮಡಿಕೆಯಲ್ಲಿ, ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ ಚೂರನ್ನು ನಿಮ್ಮ ಕಿಟಕಿಯದರ ಜೊತೆ ಹೋಲಿಸಲು ಪ್ರಯೋಗಾಲಯಕ್ಕೆ ಆಗುತ್ತದೆ.

8. ಸಿಸಿಟಿವಿ ಇದ್ದರೆ

ರೆಕಾರ್ಡ್ ಆಗುವ ಪೆಟ್ಟಿಗೆಗೆ ಡಿವಿಆರ್ ಅನ್ನುತ್ತಾರೆ. ಅದರ ಹಾರ್ಡ್‌ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಹಾಗಾಗಿ ತಡಮಾಡದೆ ಬೇಕಾದ ಭಾಗವನ್ನು ಬೇರೆ ಪೆನ್‌ಡ್ರೈವಿಗೆ ತೆಗೆದಿಡಿ. ಮೂಲ ಡಿವಿಆರ್ ಮುಟ್ಟದೆ ಇಡಿ. ಪರದೆಯನ್ನು ಮೊಬೈಲಲ್ಲಿ ಶೂಟ್ ಮಾಡಿಕೊಂಡರೆ ಅದು ನಿಮ್ಮ ನೆಂಟರಿಗೆ ತೋರಿಸಲು ಮಾತ್ರ.

ಇನ್ನೊಂದು ಕೆಲಸವನ್ನು ಈಗಲೇ ಮಾಡಿ. ಡಿವಿಆರ್ ಪರದೆಯಲ್ಲಿ ತೋರಿಸುವ ಗಂಟೆ ಮತ್ತು ನಿಮ್ಮ ಮೊಬೈಲಿನ ಗಂಟೆ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದಿಡಿ. ಕರೆಂಟ್ ಹೋಗಿ ಬಂದು ಡಿವಿಆರ್ ಗಡಿಯಾರ ಎಲ್ಲೋ ಹೋಗಿರುತ್ತದೆ. ಕಳ್ಳ 2.10ಕ್ಕೆ ಬಂದ ಅಂತ ಡಿವಿಆರ್ ಹೇಳಿ, ಅದೇ ಹೊತ್ತಿಗೆ ಅವನು ಬೇರೆಲ್ಲೋ ಇದ್ದ ಅಂತ ಸಾಕ್ಷಿ ಬಂದರೆ ನಿಮ್ಮ ವಿಡಿಯೊ ಬಿದ್ದುಹೋಗುತ್ತದೆ.

ನ್ಯಾಯಾಲಯದಲ್ಲಿ ಈ ವಿಡಿಯೊ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದು ಉಪಕರಣ ನೋಡಿಕೊಳ್ಳುವ ನೀವು ತುಂಬುವುದು, ಇನ್ನೊಂದು ತಜ್ಞರು ತುಂಬುವುದು. ಹ್ಯಾಶ್ ಮೌಲ್ಯ ಎಂಬ ಅಂಕಿ ಕೇಳುತ್ತಾರೆ. ಅದು ಫೈಲಿನ ಬೆರಳಚ್ಚು ಇದ್ದಂತೆ. ವಿಡಿಯೊದಲ್ಲಿ ಒಂದು ಚುಕ್ಕಿ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಇದನ್ನು ತನಿಖಾಧಿಕಾರಿ ಮಾಡಿಸುತ್ತಾರೆ, ನೀವು ಕೇಳಿ ಜ್ಞಾಪಿಸಿದರೆ ಸಾಕು.

9. ದೂರು

ಕಾನೂನು 2024ರ ಜುಲೈ 1ರಿಂದ ಬದಲಾಗಿದೆ. ಹಳೆಯ ಐಪಿಸಿ, ಸಿಆರ್‌ಪಿಸಿ ಸಂಖ್ಯೆ ಮರೆಯಿರಿ. ವಾಸದ ಮನೆಯಲ್ಲಿ ಕಳ್ಳತನ ಈಗ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ, ಏಳು ವರ್ಷದವರೆಗೆ ಶಿಕ್ಷೆ. ರಾತ್ರಿ ಕನ್ನ ಹಾಕಿ ಕದಿಯಲು ನುಗ್ಗಿದ್ದರೆ 331(4), ಹದಿನಾಲ್ಕು ವರ್ಷದವರೆಗೆ. ಈ ಸಂಖ್ಯೆ ಯಾಕೆ ಹೇಳುತ್ತಿದ್ದೇನೆಂದರೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಎಂದು ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ‘ಸೋಕೊ’ ಎಂಬ ಅಧಿಕಾರಿಗಳಿದ್ದಾರೆ, ಅಪರಾಧ ಸ್ಥಳದ ಅಧಿಕಾರಿ ಎಂದರ್ಥ. “ಸೋಕೊ ಬರ್ತಾರಾ ಸಾರ್?” ಅಂತ ವಿನಯವಾಗಿ ಕೇಳಿ. ಕೇಳಿದ ಮನೆಗೂ ಕೇಳದ ಮನೆಗೂ ವ್ಯತ್ಯಾಸವಿರುತ್ತದೆ, ನಾನು ಕಂಡ ಮಟ್ಟಿಗೆ.

ಮನೆ ಮೂಡಿಗೆರೆ ತಾಲ್ಲೂಕು, ಕಣ ಬೇಲೂರು ತಾಲ್ಲೂಕು ಎಂಬಂಥ ತೋಟಗಳು ನಮ್ಮಲ್ಲಿವೆ. ಯಾವ ಠಾಣೆ ಅಂತ ಅಲೆಯಬೇಡಿ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ‘ಝೀರೊ ಎಫ್‌ಐಆರ್’ ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು (ಅದೇ ಸುರಕ್ಷಾ ಸಂಹಿತೆಯ 173ನೇ ಕಲಂ). ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ದೂರು ಬಂದಿದೆ ಅಂತ ಬರೀ ಹಿಂಬರಹ ಕೊಟ್ಟು ಕಳಿಸಿದರೆ ಅದು ಎಫ್‌ಐಆರ್ ಅಲ್ಲ. ದಾಖಲಿಸಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ಇದೆ. ಪೊಲೀಸರ ಇ-ಲಾಸ್ಟ್ ಸೇವೆ ಕಳೆದುಹೋದ ವಸ್ತುಗಳಿಗೆ. ಕಳುವಾದದ್ದನ್ನು ಅಲ್ಲಿ ಹಾಕಿ ರಸೀದಿ ಇಟ್ಟುಕೊಂಡು ಕೂತವರು ಇದ್ದಾರೆ.

ಹೋದದ್ದರ ಪಟ್ಟಿಯನ್ನು ಗಾಬರಿಯಲ್ಲಿ ಬರೆಯಬೇಡಿ. “ಸುಮಾರು ನೂರು ಗ್ರಾಂ ಚಿನ್ನ” ಅನ್ನುವುದಕ್ಕಿಂತ ಒಂದೊಂದು ಒಡವೆಯ ತೂಕ, ಬಿಲ್ಲು, ಹಾಲ್‌ಮಾರ್ಕಿನ ಆರು ಅಕ್ಷರದ ಸಂಖ್ಯೆ, ಮದುವೆಯಲ್ಲಿ ಅದನ್ನು ಹಾಕಿಕೊಂಡ ಫೋಟೊ ಕೊಡಿ. ಕಾಫಿ, ಮೆಣಸಾದರೆ ಎಷ್ಟು ಮೂಟೆ, ಒಂದರ ತೂಕ, ಪಾರ್ಚ್‌ಮೆಂಟೋ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಚೆರ್ರಿಯೋ (ಹಣ್ಣನ್ನೇ ಒಣಗಿಸಿದ್ದು), ಮೂಟೆಯ ಮೇಲೆ ಬರೆದ ಗುರುತು, ಹೊಲಿದ ದಾರದ ಬಣ್ಣ. ಮೆಣಸಿಗೆ ಹೆಸರು ಬರೆದಿರುವುದಿಲ್ಲ, ಚೀಲಕ್ಕೆ ಬರೆದಿರುತ್ತದೆ. ಮೊಬೈಲ್ ಹೋಗಿದ್ದರೆ ಐಎಂಇಐ ಸಂಖ್ಯೆ (ಪ್ರತಿ ಮೊಬೈಲಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು ಸಂಚಾರ್ ಸಾಥಿ ಎಂಬ ಸರ್ಕಾರಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಿ. ಆಮೇಲೆ ನೆನಪಾದ ಸಾಮಾನನ್ನು ಹೆಚ್ಚುವರಿ ಹೇಳಿಕೆಯಲ್ಲಿ ಸೇರಿಸಬಹುದು. ಇಲ್ಲದ್ದನ್ನು ಸೇರಿಸಿದರೆ ಮಾತ್ರ ಇದ್ದದ್ದರ ಮೇಲೂ ಅನುಮಾನ ಬರುತ್ತದೆ.

10. ಮಹಜರು

ಸ್ಥಳದಲ್ಲಿ ಏನೇನು ಕಂಡಿತು, ಏನು ವಶಪಡಿಸಿಕೊಂಡರು ಅಂತ ಪಂಚರ ಎದುರು ಬರೆಯುವ ದಾಖಲೆ ಮಹಜರು. ಪಂಚರು ಅಂದರೆ ಸಾಕ್ಷಿಗಳಾಗಿ ನಿಂತು ಸಹಿ ಹಾಕುವ ಸ್ಥಳೀಯರು. ತೋಟದ ಲೆಕ್ಕ ಬರೆಯುವ ರೈಟರನ್ನು ಪಂಚರಾಗಿ ನಿಲ್ಲಿಸಿ, ಠಾಣೆಯ ರೈಟರು ಬರೆಯುವುದು ನಮ್ಮ ಕಡೆಯ ಮಾಮೂಲಿ ದೃಶ್ಯ. ನಿಮ್ಮ ಸಂಬಳದವರಿಗಿಂತ ಊರಿನ ಬೇರೆ ಇಬ್ಬರು ನಿಂತರೆ ವಾಸಿ. ಆಮೇಲೆ ನ್ಯಾಯಾಲಯಕ್ಕೆ ಬಂದು ಹೇಳಬಲ್ಲವರಾಗಿರಲಿ. ಶೋಧ ಮತ್ತು ವಶಪಡಿಸಿಕೊಳ್ಳುವ ಪ್ರಕ್ರಿಯೆಯನ್ನು ಪಟ್ಟಿ ಮಾಡಿ ಸಹಿ ಹಾಕುವವರೆಗೆ ವಿಡಿಯೊ ಮಾಡಬೇಕು ಅನ್ನುತ್ತದೆ ಸುರಕ್ಷಾ ಸಂಹಿತೆಯ 105ನೇ ಕಲಂ.

ಸಹಿಗೆ ಮೊದಲು ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಕೈನಕ್ಷೆಯಲ್ಲಿ ಬಾಗಿಲು ಪೂರ್ವಕ್ಕೋ ಪಶ್ಚಿಮಕ್ಕೋ ನೋಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ, ಯಾರು ಕೇಳಿದರೂ. ವಶಪಡಿಸಿಕೊಂಡ ವಸ್ತುವನ್ನು ಕವರಿಗೆ ಹಾಕಿ, ಅರಗಿನ ಮೊಹರು ಒತ್ತಿ, ಚೀಟಿಗೆ ಪಂಚರ ಸಹಿ ಪಡೆಯಬೇಕು. ಅಲ್ಲಿಂದ ಆ ಕವರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವ ಲೆಕ್ಕ ತಪ್ಪಬಾರದು. ಮಧ್ಯದಲ್ಲಿ ಒಂದು ದಿನದ ಲೆಕ್ಕ ಸಿಗದಿದ್ದರೆ ಎದುರು ವಕೀಲರು ಹಿಡಿಯುವುದು ಅದನ್ನೇ.

11. ಆಮೇಲೆ

ಮನೆಯವರೆಲ್ಲರ, ಕೆಲಸದವರ ಬೆರಳಚ್ಚು ಕೇಳುತ್ತಾರೆ. “ನಮ್ಮ ಮೇಲೇ ಅನುಮಾನವಾ” ಅಂತ ಮುನಿಸಿಕೊಳ್ಳಬೇಡಿ. ಬೀರುವಿನ ಮೇಲೆ ಸಿಕ್ಕ ಹನ್ನೆರಡು ಗುರುತಿನಲ್ಲಿ ಹತ್ತು ನಿಮ್ಮವೇ ಆಗಿರಬಹುದು. ಅವನ್ನು ಕಳೆದರೆ ಉಳಿಯುವ ಎರಡನ್ನು ನಾಫಿಸ್ ಎಂಬ ರಾಷ್ಟ್ರಮಟ್ಟದ ಬೆರಳಚ್ಚು ಕಂಪ್ಯೂಟರಿನಲ್ಲಿ ಹುಡುಕಬಹುದು. ಹಿಂದೆ ಸಿಕ್ಕಿಬಿದ್ದ ಕಳ್ಳನಾದರೆ ಹೆಸರು ಹೊರಬೀಳುತ್ತದೆ. ಹೊಸಬನಾದರೆ ಸಿಗುವುದಿಲ್ಲ, ಅವನು ಮುಂದೆಲ್ಲಾದರೂ ಸಿಕ್ಕಿಬೀಳುವವರೆಗೆ.

ರಕ್ತ, ಎಂಜಲು, ಗಾಜು ಮುಂತಾದವು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಬೆಂಗಳೂರಿನ ಮಡಿವಾಳದಲ್ಲಿ ಮುಖ್ಯ ಪ್ರಯೋಗಾಲಯ, ಮೈಸೂರು, ಮಂಗಳೂರು, ದಾವಣಗೆರೆ ಮೊದಲಾದ ಕಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಟಿವಿಯಲ್ಲಿ ತೋರಿಸಿದಂತೆ ಸಂಜೆಗೆ ವರದಿ ಬರುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ. ಕಳ್ಳ ಪತ್ತೆಯಾಗದೆ ‘ಸಿ ರಿಪೋರ್ಟ್’ ಹಾಕಿದರೆ ಅದರ ಪ್ರತಿ ಇಟ್ಟುಕೊಳ್ಳಿ, ವಿಮೆಯವರು ಕೇಳುತ್ತಾರೆ.

ಮಾಲು ಸಿಕ್ಕರೆ ಕೇಸು ಮುಗಿಯುವವರೆಗೆ ಠಾಣೆಯಲ್ಲೇ ಕೊಳೆಯಬೇಕಿಲ್ಲ. ಕಾಫಿ ಮೂಟೆಯ ವಿಷಯದಲ್ಲಿ ಇದು ಮುಖ್ಯ. ಸುರಕ್ಷಾ ಸಂಹಿತೆಯ 497ನೇ ಕಲಂ ಪ್ರಕಾರ ನ್ಯಾಯಾಲಯ ಮಾಲಿನ ವಿವರಪಟ್ಟಿ ಮಾಡಿಸಿ, ಫೋಟೊ ಅಥವಾ ವಿಡಿಯೊ ತೆಗೆಸಿ, ಆಮೇಲೆ 30 ದಿನದೊಳಗೆ ವಿಲೇವಾರಿಗೆ ಆದೇಶ ಮಾಡಬೇಕು. ವಕೀಲರ ಮೂಲಕ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಿ.

ಉಳಿದದ್ದು ಗುಡಿಸುವ ಪ್ರಶ್ನೆ. ತನಿಖಾಧಿಕಾರಿ “ಆಯ್ತು, ಇನ್ನು ಮಾಡ್ಕೊಳ್ಳಿ” ಅಂದ ಮೇಲೆ ಮಾಡಿ. ಬೀರು, ಗೋಡೆಯ ಮೇಲಿನ ಕರಿಪುಡಿಗೆ ಒದ್ದೆ ಬಟ್ಟೆ ಹಾಕಿದಿರೋ, ಮಸಿಯಂತೆ ಹರಡಿ ಸುಣ್ಣ ಬಳಿಸಬೇಕಾಗುತ್ತದೆ. ಮೊದಲು ಒಣ ಬ್ರಷ್ಷಿನಿಂದ ಅಥವಾ ವ್ಯಾಕ್ಯೂಮಿನಿಂದ ಪುಡಿ ತೆಗೆಯಿರಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ, ಮೇಲಿಂದ ಕೆಳಕ್ಕೆ, ಪ್ರತಿ ಸಲ ಬಟ್ಟೆಯ ಬೇರೆ ಮಗ್ಗುಲು ತಿರುಗಿಸಿ ಒರೆಸಿ.